ಮೂರು ದಿನದ ರಜೆ, ಎರಡು ಚೀಟಿ

ಸಂಸಾರವಂದಿಗರಿಗೆ ದಿನಬೆಳಗಾದರೆ ಎದುರಾಗುವ ಪ್ರಶ್ನೆಗಳಲ್ಲಿ 'ಇಂದು ಏನು ಅಡುಗೆ?' ಎಂಬುದು ಬಹು ಹಳೆಯದು. 'ರಜೆಗೆ ಎಲ್ಲಿಗೆ ಹೋಗೋಣ?' ಎಂಬುದು ಈಚಿನದು. ಎರಡಕ್ಕೂ ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ದೊರೆಯುವ ಉತ್ತರ ಒಂದೇ: 'ನೀವು ಹೇಳಿದ್ದು.' ಈ ಉತ್ತರ ಮೇಲುನೋಟಕ್ಕೆ ವಿನಯದಂತೆ ಕಾಣುತ್ತದೆ. ಅದರೊಳಗೆ ಎಷ್ಟು ವರ್ಷಗಳ ಮೌನ ಅಡಗಿರಬಲ್ಲದು ಎಂಬುದು 2026ರ ಜನವರಿಯಲ್ಲಿ ನಮಗೆ ತಿಳಿದುಬಂದಿತು.

ಇಲ್ಲಿ 'ನಾವು' ಎಂದರೆ ಸೊಲ್ಲಾಪುರದ ಹಳೆಯ ಓಣಿಯೊಂದರಲ್ಲಿ ಇಪ್ಪತ್ತೇಳು ವರ್ಷ ಸಂಸಾರ ಮಾಡಿದ ಗಂಡಹೆಂಡಿರು. ಬರೆಯುವ ಕೈ ಒಂದೇ ಆದರೂ ಮಾತು ಇಬ್ಬರದು. ಒಬ್ಬರು ಹೊಡೆದುಹಾಕಿದ ಸಾಲನ್ನು ಇನ್ನೊಬ್ಬರು ಮತ್ತೆ ಸೇರಿಸಿದ್ದೂ ಉಂಟು. ಆದುದರಿಂದ ಓದುಗರು ಇದರಲ್ಲಿ ಅಲ್ಲಲ್ಲಿ ಎರಡು ದನಿ ಕಂಡರೆ ಕ್ಷಮಿಸಬೇಕು.

ಆ ವರ್ಷ ಗಣರಾಜ್ಯೋತ್ಸವ ಸೋಮವಾರ ಬಂದು, ಶನಿವಾರ, ರವಿವಾರಗಳ ಬೆನ್ನಿಗೆ ಸೇರಿ ಮೂರು ದಿನದ ಬಿಡುವಾಯಿತು. ಸಿದ್ಧೇಶ್ವರ ಜಾತ್ರೆಗೆಂದು ಬಂದಿದ್ದ ಬೀಗರು ಬಿಜ್ಜರು ಆಗತಾನೆ ಊರಿಗೆ ಮರಳಿದ್ದರು. ಪುಣೆಯಲ್ಲಿರುವ ಮಗಳು ದೂರವಾಣಿಯಲ್ಲಿ, "ಇನ್ನರೆ ನೀವಿಬ್ಬರೂ ಎಲ್ಲಿಗರೆ ಹೋಗಿ ಬರ್ರಿ" ಎಂದಳು. ಅಷ್ಟಕ್ಕೇ ನಿಲ್ಲದೆ ಹತ್ತಾರು ಊರುಗಳ ಚಿತ್ರಗಳನ್ನೂ ವಸತಿಗೃಹಗಳ ದರಪಟ್ಟಿಯನ್ನೂ ಮೊಬೈಲಿಗೆ ಕಳುಹಿಸಿದಳು. 'ಇನ್ನರೆ' ಎಂದು ಆಕೆ ಅಂದುದಕ್ಕೆ ಕಾರಣವಿತ್ತು.

ಒಂಬತ್ತು ವರ್ಷ ನಮ್ಮ ಮನೆಯಲ್ಲಿ ಹಿರಿಯ ಜೀವವೊಂದು ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದಿತ್ತು. ನಮ್ಮಲ್ಲಿ ಒಬ್ಬರಿಗೆ ಅವರು ತಾಯಿ, ಇನ್ನೊಬ್ಬರಿಗೆ ಅತ್ತೆ. ಬೆನ್ನು ಹುಣ್ಣಾಗದಿರಲೆಂದು ಹಗಲಿರುಳೂ ಎರಡೆರಡು ತಾಸಿಗೊಮ್ಮೆ ಮಗ್ಗಲು ಬದಲಿಸಬೇಕಾಗಿತ್ತು. ಹಗಲಿನ ಪಾಳಿ ಒಬ್ಬರದು, ರಾತ್ರಿಯದು ಬಹುಮಟ್ಟಿಗೆ ಇನ್ನೊಬ್ಬರದು. ಮದುವೆ ಮುಂಜಿಗಳಿಗೆ ಒಬ್ಬರು ಹೋದರೆ ಮತ್ತೊಬ್ಬರು ಮನೆಯಲ್ಲಿ. ಆ ಒಂಬತ್ತು ವರ್ಷಗಳ ಮದುವೆಯ ಫೋಟೋಗಳನ್ನು ಈಚೆಗೆ ತೆಗೆದು ನೋಡಿದಾಗ ನಾವಿಬ್ಬರೂ ಒಟ್ಟಿಗೆ ನಿಂತಿರುವುದು ಒಂದರಲ್ಲಿ ಮಾತ್ರ. ಅದು ಮಗಳ ಮದುವೆಯದು. 2024ರಲ್ಲಿ ಅವರು ತೀರಿಕೊಂಡರು. 2025ರ ಕಾರ್ತಿಕದಲ್ಲಿ ವರ್ಷಾಂತಿಕವೂ ಮುಗಿಯಿತು. ಅಂದಿನಿಂದ ನಮ್ಮ ಕೈಗೆ ರಾತ್ರಿಗಳು ಮರಳಿ ಬಂದಿದ್ದವು. ಅವನ್ನು ಏನು ಮಾಡಬೇಕೆಂಬುದು ಮಾತ್ರ ತಿಳಿದಿರಲಿಲ್ಲ.

ಮಗಳ ಮಾತು ಕೇಳಿ ಸಂತೋಷವಾಗುವ ಬದಲು ನಮ್ಮಿಬ್ಬರಿಗೂ ಒಂದು ಬಗೆಯ ಸಂಕೋಚ ಕಾಡಿತು. ನಮ್ಮಂಥ ಮಧ್ಯಮ ವರ್ಗದ ಮನೆಗಳಲ್ಲಿ ಸುಮ್ಮನೆ ಹೋಗುವುದೆಂಬುದಿಲ್ಲ. ಹೋಗುವುದಕ್ಕೆ ಒಂದು ನೆಪ ಬೇಕು: ದೇವರ ಹರಕೆ, ಬಂಧುಗಳ ಮದುವೆ, ಇಲ್ಲವೆ ಆಸ್ಪತ್ರೆ. ಈ ಮೂರೂ ಇಲ್ಲದೆ ಗಂಡಹೆಂಡಿರು ಬಾಗಿಲಿಗೆ ಬೀಗ ಹಾಕಿ ಹೊರಟರೆ ಓಣಿಯವರು ಕೇಳುವ ಮೊದಲು ನಮ್ಮ ಮನಸ್ಸೇ ಕೇಳುತ್ತದೆ: ಯಾತಕ್ಕೆ? ಅದೂ ಹಿರಿಯರು ಹೋದ ಮೇಲೆ ಮೊದಲ ಸಲ ಮನೆ ಬಿಡುವುದೆಂದರೆ ಅವರು ಹೋಗುವುದನ್ನೇ ಕಾಯುತ್ತಿದ್ದಂತೆ ಆಗಲಿಲ್ಲವೆ? ಈ ಮಾತನ್ನು ನಾವು ಒಬ್ಬರಿಗೊಬ್ಬರು ಆಡಲಿಲ್ಲ. ಇಬ್ಬರಿಗೂ ಅನಿಸಿತ್ತೆಂಬುದು ತಿಳಿದದ್ದು ಆಮೇಲೆ. ಅಲ್ಲಿಯ ತನಕ ನೆಪವನ್ನು ಹುಡುಕಿದೆವು, ಊರನ್ನಲ್ಲ.

ದೇವರ ನೆಪಕ್ಕೆ ಸೊಲ್ಲಾಪುರದವರಿಗೆ ಕೊರತೆಯಿಲ್ಲ. ಪಂಢರಪುರ, ತುಳಜಾಪುರ, ಅಕ್ಕಲಕೋಟೆಗಳು ಮಗ್ಗುಲಲ್ಲೇ ಇವೆ. ಭೀಮಾ ಅಮರ್ಜಾ ನದಿಗಳು ಕೂಡುವ ಗಾಣಗಾಪುರವೂ ದೂರವಲ್ಲ. ಇವೆಲ್ಲಕ್ಕೂ ಅವ್ವ ನಡೆದಾಡುತ್ತಿದ್ದ ಕಾಲದಲ್ಲಿ ಅವರೊಂದಿಗೆ ಹೋಗಿಬಂದವರೇ ನಾವು. ಬೆಳಗ್ಗೆ ಹೋಗಿ ಸಂಜೆಗೆ ಮನೆ ಸೇರಿ ಒಲೆ ಹಚ್ಚಬಹುದಾದ ಊರುಗಳು ಅವು. ನಮ್ಮ ದಕ್ಷಿಣ ಸೊಲ್ಲಾಪುರದ ಹತ್ತರಸಂಗ ಕೂಡಲದ ಮಾತೂ ಬಂದಿತು. ಭೀಮೆ ಸೀನೆಯರು ಕೂಡುವ ಆ ಸ್ಥಳದ ಸಂಗಮೇಶ್ವರ ಗುಡಿಯಲ್ಲಿ ಕ್ರಿ.ಶ. 1018ರ ಶಾಸನವಿದೆ, ಮರಾಠಿಯ ಅತಿ ಹಳೆಯ ಶಾಸನಗಳಲ್ಲಿ ಅದನ್ನು ಎಣಿಸುತ್ತಾರೆ. 'ಕೂಡಲ' ಎಂಬ ಅಚ್ಚಗನ್ನಡ ಹೆಸರಿನ ಊರಿನಲ್ಲಿ ಮರಾಠಿಯ ಹಳೆಯ ಅಕ್ಷರ ನಿಂತಿರುವುದು ನಮ್ಮ ಸೀಮೆಯ ಸ್ವಭಾವಕ್ಕೆ ಹೊಂದುವ ಸಂಗತಿಯೇ ಸರಿ. ಆದರೆ ಅದೂ ಅರ್ಧ ದಿನದ ದಾರಿ. ಹೋಗಿಬಂದರೆ ರಾತ್ರಿ ಮತ್ತೆ ಅದೇ ಅಡುಗೆಮನೆ.

ಬಿಜಾಪುರ, ಅಂದರೆ ಈಗಿನ ವಿಜಯಪುರ, ಮಕ್ಕಳ ಶಾಲೆಯ ಪ್ರವಾಸದ ಊರಾಗಿಯೇ ನಮ್ಮ ನೆನಪಿನಲ್ಲಿ ಉಳಿದಿದೆ. ಗೋಲಗುಮ್ಮಟದ ಪಿಸುಮಾತಿನ ಗ್ಯಾಲರಿಯಲ್ಲಿ ರಜೆಯ ದಿನ ಪಿಸುಮಾತಿಗೆ ಎಡೆಯೇ ಇರುವುದಿಲ್ಲ. ನೂರು ಬಾಯಿಗಳ ಸೀಟಿಯೊಂದೇ ತಿರುತಿರುಗಿ ಕೇಳುತ್ತದೆ. ಹಂಪಿಯನ್ನು ಮೂರು ದಿನದಲ್ಲಿ, ಅದರಲ್ಲಿಯೂ ಹೋಗಿಬರುವ ಹೊತ್ತು ಕಳೆದು ಉಳಿದುದರಲ್ಲಿ, ನೋಡಿದೆವೆನ್ನುವುದು ಹಂಪಿಗೆ ಮಾಡುವ ಅನ್ಯಾಯ. ಹೀಗೆ ಮೂರು ರಾತ್ರಿ ಪಟ್ಟಿ ಮಾಡಿದೆವು, ಮೂರು ರಾತ್ರಿ ಅಳಿಸಿದೆವು. ಪ್ರತಿ ಸಲವೂ ಮಾತು ಬಂದು ನಿಲ್ಲುತ್ತಿದ್ದುದು ಅದೇ ಕಡೆಗೆ: "ನೀವು ಹೇಳಿದ್ದು." "ಇಲ್ಲ, ನೀನು ಹೇಳು."

ನಾಲ್ಕನೆಯ ರಾತ್ರಿ ಒಂದು ಉಪಾಯ ಹೊಳೆಯಿತು. ಇಬ್ಬರೂ ಒಂದೊಂದು ಚೀಟಿಯಲ್ಲಿ, ಮತ್ತೊಬ್ಬರಿಗೆ ತೋರಿಸದಂತೆ, ಒಂದು ಊರಿನ ಹೆಸರು ಬರೆಯಬೇಕು. ಬರೆದೆವು. ಬಿಚ್ಚಿದರೆ ಒಂದರಲ್ಲಿ ಮಹಾಬಳೇಶ್ವರ, ಇನ್ನೊಂದರಲ್ಲಿ ಕೂಡಲಸಂಗಮ.

ಮಹಾಬಳೇಶ್ವರ ಎಂದು ಬರೆದದ್ದು ಗಂಡನಾದವನು. ಹೆಂಡತಿಯ ತಂಗಿ ಮದುವೆಯಾದ ಹೊಸತರಲ್ಲಿ ಅಲ್ಲಿಗೆ ಹೋಗಿಬಂದು ಅಲ್ಲಿಯ ಮಂಜು, ಸ್ಟ್ರಾಬೆರಿ ಹಣ್ಣು, ಕಣಿವೆಗಳ ವಿಷಯ ವರ್ಣಿಸಿದಾಗ ಈಕೆ ಕಿವಿಗೊಟ್ಟು ಕೇಳಿದ್ದಳೆಂದು ಅವನ ನೆನಪು. ಇಪ್ಪತ್ತು ವರ್ಷದಿಂದ ಆ ಆಸೆ ಉಳಿದಿದೆಯೆಂದು ಅವನು ನಂಬಿದ್ದ. ಕೂಡಲಸಂಗಮ ಎಂದು ಬರೆದದ್ದು ಹೆಂಡತಿ. ದಿನವೂ ವಚನಗಳ ಪುಸ್ತಕ ಹಿಡಿಯುವ ಗಂಡನಿಗೆ ಬಸವಣ್ಣನವರ ಐಕ್ಯಸ್ಥಳದಲ್ಲಿ, ಕೃಷ್ಣೆ ಮಲಪ್ರಭೆಯರು ಕೂಡುವಲ್ಲಿ, ಎರಡು ದಿನ ಇರಬೇಕೆಂಬ ಬಯಕೆಯುಂಟೆಂದು ಆಕೆಯ ಎಣಿಕೆ.

"ನನಗೆ ಘಟ್ಟದ ದಾರಿಯೊಳಗ ವಾಂತಿ ಆಗತದ, ನಿಮಗ ಗೊತ್ತಿಲ್ಲೇನು?" ಎಂದಳು ಹೆಂಡತಿ.

"ಸಂಗಮಕ್ಕ ನಾನು ಆಫೀಸಿನವರ ಜೋಡಿ ಎರಡು ಸಲ ಹೋಗಿ ಬಂದೀನಲ್ಲ" ಎಂದನು ಗಂಡ.

ಮೊದಲು ನಕ್ಕೆವು. ಆಮೇಲೆ ನಗು ತಾನಾಗಿ ನಿಂತಿತು. ಇಪ್ಪತ್ತೇಳು ವರ್ಷ ಒಂದೇ ಸೂರಿನಡಿ ಇದ್ದು, ಒಂಬತ್ತು ವರ್ಷ ಒಂದೇ ಹಾಸಿಗೆಯ ಎರಡು ಬದಿಗೆ ನಿಂತು ಒಬ್ಬರನ್ನು ಮಗ್ಗಲು ತಿರುಗಿಸಿದವರಿಗೆ, ಪರಸ್ಪರರ ಬಯಕೆಯ ವಿಷಯದಲ್ಲಿ ಇದ್ದುದು ಊಹೆ ಮಾತ್ರ. ಊಹೆಯೂ ಹಳಸಿದ್ದು. ಇಬ್ಬರೂ ಮತ್ತೊಬ್ಬರಿಗಾಗಿ ತ್ಯಾಗ ಮಾಡಲು ಸಿದ್ಧರಾಗಿದ್ದೆವು; ಕೇಳುವ ಕೆಲಸವನ್ನಷ್ಟೇ ಮಾಡಿರಲಿಲ್ಲ. "ನನ್ನ ಯಾರೂ ಕೇಳಿಲ್ಲ, ನಾನೂ ಯಾರನ್ನೂ ಕೇಳಿಲ್ಲ" ಎಂದು ಆ ರಾತ್ರಿ ಆಡಿದ ಮಾತು ಯಾರದೆಂದು ಇಲ್ಲಿ ಬರೆಯಬೇಕಾಗಿಲ್ಲ. ಇಬ್ಬರಿಗೂ ಅದು ಸಲ್ಲುತ್ತಿತ್ತು.

ಮತ್ತೆ ಚೀಟಿ ತೆಗೆದುಕೊಂಡೆವು. ಈ ಸಲ ಕಟ್ಟಳೆ ಬೇರೆ: ಊರಿನ ಹೆಸರು ಬರೆಯಬಾರದು. ಆ ಮೂರು ದಿನದಲ್ಲಿ ತನಗೆ ಏನು ಬೇಕು, ಅದನ್ನು ಬರೆಯಬೇಕು. ಮತ್ತೊಬ್ಬರಿಗೆ ಏನು ಬೇಕಾಗಿರಬಹುದೆಂಬುದನ್ನಲ್ಲ.

ಒಂದರಲ್ಲಿ ಹೀಗಿತ್ತು: 'ಮುಂಜಾನೆ ಗಡಿಯಾರ ನೋಡದೆ ನೀರಿನ ದಂಡೆಗೆ ಕೂಡಬೇಕು. ಯಾರೂ ಕರೆಯಬಾರದು.' ಇನ್ನೊಂದರಲ್ಲಿ: 'ಒಂದು ಕನ್ನಡ ನಾಟಕವನ್ನು ಮೊದಲಿನಿಂದ ಕೊನೆಯವರೆಗೆ, ನಡುವೆ ಏಳದೆ, ನೋಡಬೇಕು.'

ನಾಟಕದ ಚೀಟಿ ಹೆಂಡತಿಯದು. ಆಕೆಯ ತವರು ಇಂಡಿ ತಾಲೂಕಿನ ಹಳ್ಳಿ. ಹತ್ತು ವರ್ಷದವಳಿದ್ದಾಗ ತಂದೆಯೊಂದಿಗೆ ಆಗಿನ ಮೀಟರ್‌ಗೇಜ್ ರೈಲಿನಲ್ಲಿ ಬನಶಂಕರಿ ಜಾತ್ರೆಗೆ ಹೋಗಿ, ಕಂಪನಿ ನಾಟಕದಲ್ಲಿ ತಂದೆಯ ತೊಡೆಯ ಮೇಲೆ ಅರ್ಧಕ್ಕೆ ನಿದ್ದೆಹೋಗಿದ್ದಳಂತೆ. ಆ ಕಥೆಯ ಕೊನೆ ಏನಾಯಿತೆಂಬುದು ಇಂದಿಗೂ ಗೊತ್ತಿಲ್ಲ. ಸೊಲ್ಲಾಪುರದ ರಂಗಮಂದಿರಗಳಲ್ಲಿ ಒಳ್ಳೆಯ ಮರಾಠಿ ನಾಟಕಗಳನ್ನು ನೋಡಿದ್ದಾಳೆ. ಅವುಗಳ ಮೇಲೆ ಆಕೆಗೆ ಗೌರವವೂ ಇದೆ. ಆದರೆ ನಗುವುದಕ್ಕೆ ಮನೆಯ ಮಾತು ಬೇಕೆಂಬುದು ಆಕೆಯ ಹಟ. ಅವ್ವನ ಕಾಯಿಲೆಯ ವರ್ಷಗಳಲ್ಲಿಯಂತೂ ಎರಡು ತಾಸಿಗಿಂತ ಹೆಚ್ಚು ಒಂದೆಡೆ ಕೂರುವಂತಿರಲಿಲ್ಲ, ಟಿ.ವಿ.ಯಲ್ಲಿ ನೋಡಿದ ಸಿನಿಮಾಗಳೆಲ್ಲ ಆಕೆಗೆ ನಡುವೆ ಹರಿದ ಕಥೆಗಳಾಗಿಯೇ ಉಳಿದಿದ್ದವು.

ನೀರಿನ ದಂಡೆಯ ಚೀಟಿ ಗಂಡನದು. "ನಮ್ಮ ಸಿದ್ಧೇಶ್ವರ ಕೆರೆ ಇದ್ದೇ ಅದಲ್ಲ, ಹತ್ತು ಮಿನಿಟಿನ ಹಾದಿ" ಎಂದು ಹೆಂಡತಿ ಆಕ್ಷೇಪಿಸಿದಳು. ಅದೂ ನಿಜವೇ. ಸಿದ್ಧರಾಮರು ಹನ್ನೆರಡನೆಯ ಶತಮಾನದಲ್ಲಿ ಕಟ್ಟಿಸಿದ ಕೆರೆ ಊರ ನಡುವೆಯೇ ಇದೆ. ಆದರೆ ಅಲ್ಲಿ ಕುಳಿತರೆ ಗಳಿಗೆಗೊಬ್ಬರು ಪರಿಚಿತರು ಬಂದು, "ಅವ್ವನ ವರ್ಷಾಂತಿಕ ಆತೇನ್ರಿ?" ಎಂದು ಕೇಳುವರು. ಯಾರೂ ಕರೆಯಬಾರದೆಂಬ ಕಟ್ಟಳೆ ಅಲ್ಲಿ ನಡೆಯದು.

ಬಯಕೆಗಳೆರಡೂ ಹೊರಬಿದ್ದ ಮೇಲೆ ಊರನ್ನು ಹುಡುಕುವ ತೊಂದರೆಯೇ ಉಳಿಯಲಿಲ್ಲ. ಕೆರೆಯೂ ಬೇಕು, ಜನವರಿಯ ಕೊನೆಯಲ್ಲಿ ಕನ್ನಡ ನಾಟಕವೂ ಬೇಕು. ಇವೆರಡೂ ಐದು ಕಿಲೋಮೀಟರಿನ ಒಳಗೆ ದೊರೆಯುವ ಊರು ಬದಾಮಿ. ಅಲ್ಲಿ ಅಗಸ್ತ್ಯತೀರ್ಥದ ಕೆರೆ. ಪಕ್ಕದ ಬನಶಂಕರಿಯಲ್ಲಿ ಪುಷ್ಯ ಮಾಸದ ಬನದ ಹುಣ್ಣಿಮೆಯ ಜಾತ್ರೆ. ತೇರು ಎಳೆದು ಮುಗಿದರೂ ನಾಟಕ ಕಂಪನಿಗಳು ಕೆಲವು ವಾರ ಅಲ್ಲಿಯೇ ಬೀಡುಬಿಟ್ಟು ಆಟವಾಡುವ ವಾಡಿಕೆ ಹಳೆಯದು. ಆ ವರ್ಷ ಹುಣ್ಣಿಮೆ ಜನವರಿ 3ಕ್ಕೆ ಬಂದಿತ್ತು. ವಿಚಾರಿಸಿದರೆ ಆಟಗಳು ಇನ್ನೂ ನಡೆಯುತ್ತಿದ್ದವು. ಸೊಲ್ಲಾಪುರದಿಂದ ಹುಬ್ಬಳ್ಳಿಯತ್ತ ಹೋಗುವ ರೈಲುಹಾದಿಯ ಮೇಲೆಯೇ ಬದಾಮಿ ಇರುವುದರಿಂದ ಘಟ್ಟದ ದಾರಿಯ ಅಂಜಿಕೆಯೂ ಇಲ್ಲ.

ಇನ್ನೊಂದು ವಾದ ಉಳಿದಿತ್ತು. ಬದಾಮಿಗೆ ಹೋದವರು ಪಟ್ಟದಕಲ್ಲು, ಐಹೊಳೆ, ಮಹಾಕೂಟ ಎಲ್ಲವನ್ನೂ ಒಂದೇ ದಿನದಲ್ಲಿ ಮುಗಿಸಿ ಬರುವುದು ರೂಢಿ. ನಾವೂ ಮೊದಲು ಹಾಗೆಯೇ ಪಟ್ಟಿ ಬರೆದೆವು. ಬರೆದ ಮೇಲೆ ನೋಡಿದರೆ ಅದು ಅವ್ವನ ಔಷಧದ ವೇಳಾಪಟ್ಟಿಯಂತೆಯೇ ಕಾಣಿಸಿತು: ಎಂಟಕ್ಕೆ ಇದು, ಹತ್ತಕ್ಕೆ ಅದು. ಒಂದು ಮಾತ್ರ ಉಳಿಸಿಕೊಂಡು ಬೇರೆಲ್ಲ ಹೊಡೆದುಹಾಕಿದೆವು. ಉಳಿಸಿಕೊಂಡದ್ದು ಪಟ್ಟದಕಲ್ಲು. ಚಾಲುಕ್ಯ ಇಮ್ಮಡಿ ವಿಕ್ರಮಾದಿತ್ಯನು ಕಂಚಿಯನ್ನು ಗೆದ್ದುದರ ನೆನಪಿಗಾಗಿ ಅವನ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ಗುಡಿ ಅಲ್ಲಿದೆ. ಮಗ್ಗುಲಲ್ಲೇ ಆಕೆಯ ತಂಗಿ, ಅದೇ ಅರಸನ ಇನ್ನೊಬ್ಬ ರಾಣಿ, ತ್ರೈಲೋಕ್ಯಮಹಾದೇವಿ ಕಟ್ಟಿಸಿದ ಮಲ್ಲಿಕಾರ್ಜುನ ಗುಡಿ. ಗೆದ್ದ ಅರಸನು ಕಂಚಿಯ ಕೈಲಾಸನಾಥ ಗುಡಿಯ ಸಂಪತ್ತನ್ನು ದೋಚದೆ ದೇವರಿಗೇ ಬಿಟ್ಟುಕೊಟ್ಟನೆಂದು ಅಲ್ಲಿಯೇ ಕನ್ನಡದಲ್ಲಿ ಕೆತ್ತಿಸಿದ್ದಾನೆ. ಅಂಥ ಗೆಲುವನ್ನು ಹೆಂಡತಿಯಾದವಳು ಕಲ್ಲಿನಲ್ಲಿ ನಿಲ್ಲಿಸಿದ್ದನ್ನು ನಾವಿಬ್ಬರೂ ಜೊತೆಯಾಗಿ ನೋಡಬೇಕೆನಿಸಿತು. ಐಹೊಳೆ ಮತ್ತೊಂದು ಸಲಕ್ಕಿರಲಿ ಎಂದೆವು. ಮತ್ತೊಂದು ಸಲ ಎಂಬುದೊಂದು ಇರಬಹುದೆಂದು ನಾವು ಅಂದುಕೊಂಡದ್ದೂ ಬಹಳ ದಿನದ ಮೇಲೆಯೇ.

ಇಷ್ಟಾದ ಮೇಲೆ ನಿಜವಾದ ಪರೀಕ್ಷೆ ಬಂದಿತು. ಸುದ್ದಿ ತಿಳಿದು ಗಂಡನ ತಂಗಿ ಫೋನು ಮಾಡಿದಳು. "ಬನಶಂಕರಿಗೆ ಹೊಂಟೀರಂತಲ್ಲ, ನಾವೂ ನಾಲ್ಕು ಮಂದಿ ಬರ್ತೀವಿ. ದೊಡ್ಡ ಗಾಡಿ ಮಾಡೋಣು. ಅವ್ವನ ಹೆಸರಲೆ ದೇವಿಗೆ ಉಡಿ ತುಂಬೋಣು." ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ನಮಗೆ ಬೇಕಾಗಿದ್ದ ನೆಪ ತಾನಾಗಿ ಬಾಗಿಲಿಗೆ ಬಂದಿತ್ತು. ಒಪ್ಪಿಕೊಂಡಿದ್ದರೆ ಸಂಕೋಚವೂ ಕಳೆಯುತ್ತಿತ್ತು, ಹರಕೆಯೂ ತೀರುತ್ತಿತ್ತು. ಆರು ಮಂದಿಯ ಬುತ್ತಿ, ಹಾಸಿಗೆ, ಸ್ನಾನದ ನೀರಿನ ವ್ಯವಸ್ಥೆ ನೋಡಿಕೊಳ್ಳುತ್ತ ಹೆಂಡತಿ ಮತ್ತೊಮ್ಮೆ ನಾಟಕದ ನಡುವೆ ಎದ್ದು ಹೋಗುತ್ತಿದ್ದಳು.

ಫೋನು ಹಿಡಿದ ಗಂಡ ಹೆಂಡತಿಯ ಮುಖ ನೋಡಿದ. ಆಕೆ ಎಂದಿನಂತೆ 'ನೀವು ಹೇಳಿದ್ದು' ಎನ್ನುವಂತೆ ತಲೆ ತಗ್ಗಿಸಲಿಲ್ಲ, ನೆಟ್ಟಗೆ ನೋಡುತ್ತಿದ್ದಳು. "ಇಲ್ಲವ್ವಾ, ಈ ಸಲ ನಾವಿಬ್ಬರs ಹೋಗ್ತೀವಿ. ಉಡಿ ತುಂಬೂದಕ್ಕ ಮುಂದಿನ ಸಲ ಎಲ್ಲಾರೂ ಕೂಡಿ ಹೋಗೋಣು" ಎಂದನು. ಅತ್ತ ಕಡೆಯಿಂದ ಕೆಲವು ಗಳಿಗೆ ಮಾತಿಲ್ಲ. "ಆಗಲಿ" ಎಂದು ಫೋನು ಇಟ್ಟಳು. ಆಕೆಗೆ ನೋವಾಯಿತೆಂದು ನಮಗೆ ಗೊತ್ತು. ಹೊರಡುವ ಮುನ್ನಾದಿನ ಮಗನ ಕೈಯಲ್ಲಿ ಒಂದು ಡಬ್ಬಿ ಶೇಂಗಾ ಹೋಳಿಗೆ ಕಳುಹಿಸಿದಳು, ಮಾತನ್ನೇನೂ ಕಳುಹಿಸಲಿಲ್ಲ. ಆ ಹೋಳಿಗೆಯನ್ನು ರೈಲಿನಲ್ಲಿ ತಿನ್ನುವಾಗ ಇಬ್ಬರ ಗಂಟಲೂ ಸ್ವಲ್ಪ ಬಿಗಿದಿತ್ತು. ಬೇಕಾದುದನ್ನು ಬೇಕೆನ್ನುವುದಕ್ಕೆ ಬೆಲೆಯಿದೆ. ಆ ಬೆಲೆಯನ್ನು ಕೆಲವೊಮ್ಮೆ ಮೂರನೆಯವರು ತೆರಬೇಕಾಗುತ್ತದೆ.

ಪ್ರವಾಸದ ವರ್ಣನೆಯನ್ನು ಬೆಳೆಸುವುದಿಲ್ಲ. ಹೋಟಗಿ ದಾಟಿ ಭೀಮೆ ಬಂದಳು. ವಿಜಯಪುರ ದಾಟಿ ಆಲಮಟ್ಟಿಯ ಬಳಿ ಕೃಷ್ಣೆ. "ನೋಡು, ಮಹಾಬಳೇಶ್ವರದ ನೀರು ಇಲ್ಲೇ ನಿನ್ನ ಕಡೆಗೆ ಬಂತು, ವಾಂತಿ ಇಲ್ಲದs" ಎಂದು ಗಂಡ ಹಾಸ್ಯ ಮಾಡಿದನು. ಬದಾಮಿಯ ವಸತಿಗೃಹದಲ್ಲಿ ನಮ್ಮ ಗುರುತಿನ ಚೀಟಿ ನೋಡಿದವನು ಹಿಂದಿಯಲ್ಲಿ ಮಾತಾಡಿಸಿದ. ನಾವು ಕನ್ನಡದಲ್ಲಿ ಉತ್ತರ ಕೊಟ್ಟಾಗ, "ನೀವು ಕನ್ನಡ ಛಲೋ ಮಾತಾಡ್ತೀರಿ" ಎಂದು ಮೆಚ್ಚಿದ. ಗಡಿಯವರಿಗೆ ಈ ಮೆಚ್ಚುಗೆ ಹೊಸತಲ್ಲ. ಮನೆಯವರನ್ನೇ ಅತಿಥಿಗಳೆಂದು ಬಗೆದು ಕುಡಿಯಲು ನೀರು ಕೊಟ್ಟಂತೆ, ಕುಡಿದು ಸುಮ್ಮನಾದೆವು.

ಅಂದೇ ರಾತ್ರಿ ಬನಶಂಕರಿಗೆ ಹೋಗಿ ದೇವಿಗೆ ಕೈಮುಗಿದು ನಾಟಕದ ಡೇರೆಯಲ್ಲಿ ಕುಳಿತೆವು. ತಗಡಿನ ಕುರ್ಚಿ, ಹಾಡು, ಹಾಸ್ಯ, ಒಮ್ಮೊಮ್ಮೆ ಅತಿಯೆನಿಸುವ ಅಬ್ಬರ. ಹೆಂಡತಿಯಾದವಳು ಮೊದಲ ಎರಡು ತಾಸು ಕಳೆದಾಗ ಅಭ್ಯಾಸಬಲದಿಂದ ಒಮ್ಮೆ ಎದ್ದು ನಿಂತಳು. ಎಲ್ಲಿಗೂ ಹೋಗಬೇಕಾಗಿಲ್ಲವೆಂದು ನೆನಪಾಗಿ ಮತ್ತೆ ಕುಳಿತಳು. ಆ ಒಂದು ಗಳಿಗೆ ನಾವಿಬ್ಬರೂ ರಂಗದ ಕಡೆ ನೋಡಲಿಲ್ಲ. ಆಮೇಲೆ ಮಂಗಳದವರೆಗೂ ಆಕೆ ಏಳಲಿಲ್ಲ. ನಿದ್ದೆ ಹೋದವನು ಗಂಡ.

ರವಿವಾರ ಹೊತ್ತೇರಿದ ಮೇಲೆ ಅಗಸ್ತ್ಯತೀರ್ಥದ ಮೆಟ್ಟಿಲಿಗೆ ಹೋದೆವು. ಎದುರಿಗೆ ಕೆಂಪು ಬಂಡೆ. ಅದರಲ್ಲಿ ಕೊರೆದ ಗುಹೆಗಳು. ಮೂರನೆಯ ಗುಹೆ ಕ್ರಿ.ಶ. 578ರಲ್ಲಿ ಮಂಗಲೇಶನು ಮಾಡಿಸಿದ್ದು. ಕೆರೆಯ ಆಚೆಯ ದಂಡೆಯಲ್ಲಿ ಭೂತನಾಥ ಗುಡಿಗಳು. ಕೆರೆಯ ಸಮೀಪದ ಬಂಡೆಯೊಂದರ ಮೇಲೆಯೇ ಕಪ್ಪೆ ಅರಭಟ್ಟನ ಶಾಸನವಿದೆ. ಕನ್ನಡದಲ್ಲಿ ದೊರೆತ ಅತಿ ಹಳೆಯ ತ್ರಿಪದಿ ಅದರಲ್ಲಿದೆ. ಅವ್ವ ಕೈಕಾಲು ಗಟ್ಟಿ ಇದ್ದಾಗ ಬೀಸುಕಲ್ಲಿನ ಮುಂದೆ ಹಾಡುತ್ತಿದ್ದ ಪದಗಳೂ ತ್ರಿಪದಿಗಳೇ. ಇದನ್ನು ಗಂಡ ಹೇಳಿದಾಗ ಹೆಂಡತಿ ಬಹಳ ಹೊತ್ತು ಬಂಡೆಯ ಕಡೆ ನೋಡಿದಳು. ಅವ್ವನನ್ನು ಬಿಟ್ಟು ಬಂದೆವೆಂಬ ಸಂಕೋಚದ ಮಾತು ಅಲ್ಲಿಯೇ, ಆಗಲೇ, ಇಬ್ಬರ ಬಾಯಿಂದಲೂ ಹೊರಬಂದದ್ದು. ಆಡಿದ ಮೇಲೆ ಅದರ ಭಾರ ಅಷ್ಟು ಉಳಿಯಲಿಲ್ಲ.

ಯಾರೂ ಕರೆಯಲಿಲ್ಲ. ರೊಟ್ಟಿ, ಪಲ್ಯ, ಕೆಂಪು ಚಟ್ನಿ, ಮೊಸರು ಕಟ್ಟಿಸಿಕೊಂಡು ಬಂದಿದ್ದೆವು; ಮಂಗಗಳಿಂದ ಅದನ್ನು ಕಾಯುವುದೊಂದೇ ಕೆಲಸ. "ಆಮೇಲೆ ಏನಾತು ನಾಟಕದಾಗ?" ಎಂದು ಗಂಡ ಕೇಳಿದ. ಹೆಂಡತಿ ಮೂರನೆಯ ಅಂಕದಿಂದ ಆರಂಭಿಸಿ ಕೊನೆಯವರೆಗೂ ಕಥೆ ಹೇಳಿದಳು, ಹಾಸ್ಯಪಾತ್ರದ ಮಾತುಗಳನ್ನು ಅದೇ ಧಾಟಿಯಲ್ಲಿ ಆಡಿತೋರಿಸುತ್ತ. ಆಕೆ ಹಾಗೆ ಒಂದೇ ಸಮನೆ ಅರ್ಧ ತಾಸು ಮಾತಾಡಿದ್ದನ್ನು ಕೇಳಿ ಎಷ್ಟು ವರ್ಷವಾಗಿತ್ತೋ. ಪಟ್ಟದಕಲ್ಲನ್ನು ಸೋಮವಾರ ಬೆಳಗ್ಗೆ ನೋಡಿ, ಸಂಜೆಗೆ ಮರಳಿ ಹೊರಟೆವು.

ನಮ್ಮಂತೆ ಯಾವ ಊರಿಗೆ ಹೋಗಬೇಕೆಂದು ತಿಳಿಯದೆ ಕುಳಿತ ದಂಪತಿಗಳು ಈ ಪತ್ರಿಕೆಯ ಓದುಗರಲ್ಲಿ ಇದ್ದಾರು. ಅವರಿಗೆ ಊರಿನ ಹೆಸರು ಹೇಳುವ ಅಧಿಕಾರ ನಮಗಿಲ್ಲ. ಬದಾಮಿ ನಮ್ಮಿಬ್ಬರ ಉತ್ತರ, ಎಲ್ಲರದಲ್ಲ. ಊರನ್ನು ಮೊದಲು ಹುಡುಕಬೇಡಿರೆಂದಷ್ಟೇ ಹೇಳಬಲ್ಲೆವು. ಏನು ಬೇಕೆಂದು ಮೊದಲು ಕೇಳಿರಿ. ಕೇಳಿದವರಿಗೆ ಊಹಿಸದೆ ಉತ್ತರ ಕೊಡಿರಿ. ಉತ್ತರ ಒಮ್ಮೆಗೇ ಬಾರದಿದ್ದರೆ ಒಂದು ತುಂಡು ಕಾಗದ ಸಾಕು.

ನಮ್ಮ ಮನೆಯ ಪಂಚಾಂಗದ ಒಳಗೆ ಎರಡು ಚೀಟಿಗಳನ್ನು ಜೋಪಾನವಾಗಿ ಇಟ್ಟಿದ್ದೇವೆ. ನೀರು, ನಾಟಕ ಎಂದು ಬರೆದವಲ್ಲ. ಅವುಗಳ ಕೆಲಸ ಮುಗಿಯಿತು. ಇಟ್ಟಿರುವುದು ಮಹಾಬಳೇಶ್ವರ, ಕೂಡಲಸಂಗಮ ಎಂದು ಬರೆದ ಆ ತಪ್ಪು ಚೀಟಿಗಳನ್ನು. 'ನೀವು ಹೇಳಿದ್ದು' ಎಂಬ ಮಾತು ನಾಲಗೆಗೆ ಬಂದಾಗಲೆಲ್ಲ ತೆಗೆದು ನೋಡುವುದಕ್ಕೆ.